ಹಸಿರು ನಾಲ್ಕು

ತಕರಾರಮ್ಮ ಎಂಬ ಹೆಸರನ್ನು ಅವಳಿಗೆ ಇಟ್ಟವಳು ಅವಳ ಸ್ವಂತ ಅಕ್ಕ. ಚಿಕ್ಕಂದಿನಲ್ಲಿ ಜಡೆ ಹಾಕಲು ಕೂರಿಸಿದರೆ ಬೈತಲೆ ಯಾಕೆ ನಟ್ಟನಡುವೆಯೇ ಇರಬೇಕು ಎಂದು ಕೇಳುತ್ತಿದ್ದ ಹುಡುಗಿ ಅದು. ಬೇರೇನು ಹೆಸರು ಇಡಲು ಸಾಧ್ಯವಿತ್ತು? ಆ ಹೆಸರನ್ನು ಮನೆಯಿಂದ ಆಫೀಸಿಗೆ ಹೊತ್ತು ತಂದವರು ಅಕ್ಕನ ಗಂಡ, ಅಂದರೆ ಭಾವ. ಅವರು ಅಲ್ಲಿ ದೊಡ್ಡ ಮ್ಯಾನೇಜರ್. ನಾದಿನಿಯನ್ನು ಕೆಲಸಕ್ಕೆ ಸೇರಿಸಿದ ದಿನ ಎಲ್ಲರ ಮುಂದೆ ನಿಲ್ಲಿಸಿ, ಇವಳು ನಮ್ಮನೆ ತಕರಾರಮ್ಮ, ಸ್ವಲ್ಪ ಹುಷಾರಾಗಿರಿ ಎಂದು ನಗುತ್ತ ಹೇಳಿದ್ದರು. ಜನ ನಕ್ಕರು. ಹುಷಾರಾಗಿ ಮಾತ್ರ ಯಾರೂ ಇರಲಿಲ್ಲ, ಭಾವನೂ ಸೇರಿ.

ಅವರ ಕಂಪನಿಯ ಕೆಲಸ ಆಸ್ಪತ್ರೆಯ ಫ್ರಿಜ್‌ಗಳನ್ನು ಕಾಯುವುದು. ರಕ್ತದ ಚೀಲ, ಲಸಿಕೆ ಇಂಥವನ್ನು ಇಡುವ ಆಳೆತ್ತರದ ಫ್ರಿಜ್ಜಿನ ಒಳಗೆ ಒಂದು ಸೆನ್ಸರ್ ಇರುತ್ತದೆ. ಎಷ್ಟು ತಂಪಿದೆ ಎಂದು ಅದು ಹೇಳುತ್ತದೆ, ಬಾಗಿಲ ಮೇಲಿನ ಪರದೆ ತೋರಿಸುತ್ತದೆ. ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿದ್ದರೆ ಅಂಕಿ ಹಸಿರು. ಮೇಲೇರಿದರೆ ಕೆಂಪು, ಜೊತೆಗೆ ಇಡೀ ವಾರ್ಡಿಗೆ ಕೇಳಿಸುವ ಹಾಗೆ ಕೂಗು. ಸೆನ್ಸರ್‌ಗೂ ಪರದೆಗೂ ನಡುವಿನ ಕೋಡ್ ಅಷ್ಟನ್ನೂ ಬರೆಯುವವರು ಇವರು.

ತಕರಾರಮ್ಮ ಕೋಡ್ ಬರೆಯುತ್ತಿದ್ದದ್ದಕ್ಕಿಂತ ಉತ್ತರ ಬರೆಯುತ್ತಿದ್ದದ್ದೇ ಹೆಚ್ಚು. ಕಂಪನಿಯೊಳಗೆ ಪ್ರಶ್ನೆಗಳಿಗೆಂದೇ ಒಂದು ಪುಟ ಇತ್ತು, ಕಟ್ಟಿದವಳೂ ಅವಳೇ. ಪ್ರೋಗ್ರಾಮರ್‌ಗಳು ಎಲ್ಲಿ ಸಿಕ್ಕಿಹಾಕಿಕೊಂಡರೂ ಅಲ್ಲಿ ಕೇಳಬೇಕು, ಹೆಸರು ಹಾಕಿ ಕೇಳಬೇಕು. ಕಾರಿಡಾರಿನಲ್ಲಿ ಅಡ್ಡಗಟ್ಟಿದರೂ ಸರಿ, ಟೀ ಮೆಷಿನ್ ಹತ್ತಿರ ಬಂದು ಗುಸುಗುಸು ಎಂದರೂ ಸರಿ, ಅವಳದು ಒಂದೇ ಮಾತು: "ಪುಟದಲ್ಲಿ ಕೇಳಿ." ಗುಟ್ಟಾಗಿ ಕೇಳಿದರೆ ಉತ್ತರ ಒಬ್ಬನಿಗೆ ಸಿಗುತ್ತದೆ, ಮರುವಾರ ಇನ್ನೊಬ್ಬ ಬಂದು ಅದೇ ಹಳ್ಳಕ್ಕೆ ಬೀಳುತ್ತಾನೆ ಎಂಬುದು ಅವಳ ವಾದ. ಕೇಳಲು ನಾಚಿಕೆಪಡುವವರು ಅಂಥ ಕೋಡ್ ಬರೆಯಲೂ ನಾಚಿಕೆಪಡಲಿ ಎನ್ನುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಆ ಪುಟದಲ್ಲಿ ಒಂದು ಪ್ರಶ್ನೆಯನ್ನೂ ಕೇಳದವರೆಂದರೆ ಭಾವ ಒಬ್ಬರೇ.

ಅವಳ ಉತ್ತರಗಳನ್ನು ಜನ ಕಲಿಯಲು ಎಷ್ಟು ಓದುತ್ತಿದ್ದರೋ ನಗಲೂ ಅಷ್ಟೇ ಓದುತ್ತಿದ್ದರು. ಕ್ಲಾಸು ಎಂದರೆ ಶಾಲೆಯದಲ್ಲ, ಒಂದು ಕೆಲಸಕ್ಕೆ ಬೇಕಾದ ಕೋಡನ್ನೆಲ್ಲ ಕಟ್ಟಿಟ್ಟ ಗಂಟು, ಒಂದನ್ನು ಇನ್ನೊಂದರ ಮಗುವಾಗಿ ಮಾಡಿದರೆ ತಾಯಿಯದೆಲ್ಲ ಮಗುವಿಗೂ ಬರುತ್ತದೆ. ಪಕ್ಕದ ತಂಡದ ಕ್ಲಾಸಿನಲ್ಲಿ ನನಗೆ ಬೇಕಾದ ಒಂದೆರಡು ಕೆಲಸಗಳಿವೆ, ನನ್ನ ಕ್ಲಾಸನ್ನು ಅದರ ಮಗುವಾಗಿ ಮಾಡಿಬಿಡಲೇ ಎಂದು ಒಬ್ಬ ಕೇಳಿದ್ದ. ಪಕ್ಕದ ಮನೆಯವರ ಏಣಿ ಬೇಕು ಅಂತ ಅವರ ಹೊಟ್ಟೆಯಲ್ಲಿ ಹುಟ್ಟುತ್ತೀಯಾ, ಹೋಗಿ ಕೇಳಿ ಇಸಕೊಂಡು ಬಾ, ಕೆಲಸ ಮುಗಿದ ಮೇಲೆ ವಾಪಸ್ ಕೊಡು ಎಂದು ಬರೆದಳು. ನನ್ನ ಕ್ಲಾಸು ಹನುಮಂತನ ಬಾಲದ ಹಾಗೆ ಬೆಳೆದಿದೆ, ಎಲ್ಲಿ ಕತ್ತರಿಸಲಿ ಎಂದು ಕೇಳಿದವಳಿಗೆ, ಅದು ಏನೇನು ಮಾಡುತ್ತದೆ ಅಂತ ನಿಮ್ಮಮ್ಮನಿಗೆ ಫೋನಿನಲ್ಲಿ ಹೇಳು, ಅವರು 'ಆಮೇಲೆ?' ಅಂದ ಕಡೆಯೆಲ್ಲ ಕತ್ತರಿ ಹಾಕು ಎಂದಳು. ಕ್ಲಾಸಿನ ಒಳಗಿನದನ್ನೆಲ್ಲ ಪಬ್ಲಿಕ್ ಮಾಡಿ, ಯಾರು ಬೇಕಾದರೂ ಮುಟ್ಟಲಿ ಎಂದು ಬಿಟ್ಟರೆ ಏನು ತೊಂದರೆ ಎಂದವನಿಗೆ ಕೊಟ್ಟದ್ದು ಒಂದೇ ಸಾಲು: ನಿಮ್ಮ ಮನೆಯ ಬಚ್ಚಲಿಗೆ ಬಾಗಿಲು ಇದೆಯೋ ಇಲ್ಲವೋ?

ಪುಟವನ್ನು ಕಟ್ಟುವಾಗ ಅವಳು ಒಂದು ಕಟ್ಟುನಿಟ್ಟು ಮಾಡಿದ್ದಳು. ಉತ್ತರವನ್ನು ಬರೆದವರಲ್ಲದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಯಾರಾದರೂ ಹಿಂಬಾಗಿಲಿನಿಂದ ನುಗ್ಗಿ ಒಂದು ಅಕ್ಷರ ತಿದ್ದಿದರೂ ಸಾಕು, ತಿದ್ದಿದವರ ಹೆಸರು ಉತ್ತರದ ನೆತ್ತಿಯ ಮೇಲೆ ಕೆಂಪಾಗಿ ಬೀಳುತ್ತಿತ್ತು. ಆಗ ಭಾವನೇ ಇದನ್ನು ಮೆಚ್ಚಿ ಭೇಷ್ ಎಂದಿದ್ದರು. ಮುಂದೊಂದು ದಿನ ತಮ್ಮ ಕಾಲಿಗೇ ತೊಡರುತ್ತದೆ ಎಂದು ಪಾಪ, ಅವರಿಗೆ ಹೇಗೆ ಗೊತ್ತಿರಬೇಕು.

ಬುಧವಾರ ಉದ್ದಪ್ಪ ಒಂದು ಪ್ರಶ್ನೆ ಕೇಳಿದ. ಉದ್ದಪ್ಪ ಎಂದರೆ ಕಿಟಕಿ ಸಾಲಿನ ಕೊನೆಯಲ್ಲಿ ಕೂರುವ ಪ್ರೋಗ್ರಾಮರ್, ಇಬ್ಬರು ಮಕ್ಕಳ ತಂದೆ, ಬಾಗಿಲು ದಾಟುವಾಗ ತಲೆ ಬಗ್ಗಿಸುವ ಆಸಾಮಿ. ಹೊಸ ಬಗೆಯ ಫ್ರಿಜ್ಜಿಗೆ ಸೆನ್ಸರ್ ಕ್ಲಾಸು ಬರೆಯುತ್ತಿದ್ದ. ತಂತಿ ಕಿತ್ತುಹೋಗಿ ಸೆನ್ಸರ್ ಉತ್ತರವನ್ನೇ ಕೊಡದಿದ್ದರೆ ನನ್ನ ಕ್ಲಾಸು ಪರದೆಗೆ ಏನು ಹೇಳಬೇಕು? ಕೊನೆಯ ಸಲ ಸಿಕ್ಕ ಅಂಕಿಯನ್ನೇ ಮತ್ತೆ ಕೊಟ್ಟರೆ ಸಾಕೇ? ನಮ್ಮಲ್ಲಿ ಮೊದಲಿನಿಂದ ಹಾಗೇ ನಡೆದು ಬಂದಿದೆ ಎನ್ನುತ್ತಾರೆ, ನಿಜವೇ? ಇದು ಅವನ ಪ್ರಶ್ನೆ.

ತಕರಾರಮ್ಮನಿಗೆ ಅಂದು ನಗಿಸುವ ಉಮೇದು ಬರಲಿಲ್ಲ. ನೇರವಾಗಿ ಬರೆದಳು: "ಸಾಲದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು. ನಿನ್ನೆಯ ಅಂಕಿಯನ್ನು ಇವತ್ತಿನದು ಅಂತ ತೋರಿಸುವ ಕ್ಲಾಸು ಸುಳ್ಳು ಹೇಳುವ ಕ್ಲಾಸು. ಎಕ್ಸೆಪ್ಷನ್ ಎಸೆಯಿರಿ. ಪರದೆ ಕೆಂಪಾಗಲಿ, ಕೂಗಲಿ. ನರ್ಸ್ ಬಂದು ಬೈದರೆ ಬೈಸಿಕೊಳ್ಳಿ." ಎಕ್ಸೆಪ್ಷನ್ ಎಂದರೆ ಬೇರೇನಲ್ಲ, ಓಡುತ್ತಿರುವ ಕೋಡ್ ಎಡವಿದಾಗ ಹಾಕುವ ಕೂಗು. ಆ ಕೂಗನ್ನು ಯಾರಾದರೂ ಹಿಡಿದು ಏನಾಯಿತು ಎಂದು ವಿಚಾರಿಸಬೇಕು. ಹಿಡಿದು ಸದ್ದಿಲ್ಲದೆ ನುಂಗಿಬಿಡುವವರೂ ಇದ್ದಾರೆ. ಅಂಥವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಗುರುವಾರ ಮಧ್ಯಾಹ್ನ ಭಾವ ಅವಳನ್ನು ತಮ್ಮ ಗಾಜಿನ ಕೋಣೆಗೆ ಕರೆದರು. ಆಫೀಸಿನಲ್ಲಿ ಅವಳಿಗೆ ಅವರು ಸರ್. ಮನೆಯ ಹೊಸ್ತಿಲು ದಾಟಿದ ಮೇಲಷ್ಟೇ ಭಾವ. ಈ ಕ್ರಮವನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ಭಾವ ತಾವೇ ಕುರ್ಚಿ ಎಳೆದು ಕೊಟ್ಟರು, ಟೀ ತರಿಸಿದರು, ಏಣಿಯ ಉತ್ತರವನ್ನು ನೆನೆಸಿಕೊಂಡು ನಕ್ಕರು. ಇಷ್ಟು ಬೆಣ್ಣೆ ಹಚ್ಚುತ್ತಿದ್ದಾರೆಂದರೆ ಏನೋ ಇದೆ ಎಂದು ಅವಳು ಟೀ ಮುಟ್ಟದೆ ಕುಳಿತಳು.

ಸಂಗತಿ ಇಷ್ಟು. ಸೋಮವಾರ ಒಂದು ದೊಡ್ಡ ಆಸ್ಪತ್ರೆಯವರು ಬರುತ್ತಾರೆ. ಅವರಲ್ಲಿ ಇವರ ಸಾಫ್ಟ್‌ವೇರ್ ಇರುವ ಫ್ರಿಜ್‌ಗಳು ಈಗಾಗಲೇ ಇವೆ. ಇನ್ನಷ್ಟು ಕೊಳ್ಳುವ ಮುನ್ನ ಇಲ್ಲಿ ಕೋಡ್ ಹೇಗೆ ಬರೆಯುತ್ತಾರೆ ಎಂದು ಕಣ್ಣಾರೆ ನೋಡಬೇಕಂತೆ. ಪ್ರಶ್ನೆಗಳ ಪುಟವನ್ನೂ ತೋರಿಸುತ್ತೇವೆ ಎಂದು ಭಾವ ಮಾತು ಕೊಟ್ಟಾಗಿದೆ. ಹಾಗಾಗಿ ಉದ್ದಪ್ಪನಿಗೆ ಕೊಟ್ಟ ಉತ್ತರವನ್ನು ಒಂದಿಷ್ಟು ಮೆತ್ತಗೆ ಮಾಡಬೇಕು. ಸುಳ್ಳು ಗಿಳ್ಳು ಎಂಬ ಮಾತು ಬೇಡ. ಸಂದರ್ಭ ನೋಡಿಕೊಂಡು ಕೊನೆಯ ಅಂಕಿಯನ್ನೂ ಕೊಡಬಹುದು ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು.

ಅಡ್ಡಗೋಡೆಯ ಮೇಲೆ ದೀಪ ಇಡಬೇಕು, ಅಷ್ಟೇ ತಾನೇ ಎಂದು ಅವಳು ಕೇಳಿದಳು. ಭಾವ ನಕ್ಕರು. ಯಾವ ಸಂದರ್ಭ ಸರ್, ಒಂದು ಉದಾಹರಣೆ ಕೊಡಿ ಎಂದಳು. ಈ ಸಲ ಭಾವ ನಗಲಿಲ್ಲ. ಯೋಚನೆ ಮಾಡಿ ನೋಡು ಎಂದು ಗಡಿಯಾರದ ಕಡೆ ತಿರುಗಿದರು.

ಆ ನಗು ಯಾಕೆ ನಿಂತಿತು ಎಂಬುದು ಅವಳ ತಲೆಯೊಳಗೆ ಹುಳ ಬಿಟ್ಟಂತಾಯಿತು. ತನ್ನ ಜಾಗಕ್ಕೆ ಬಂದವಳೇ ತಾಯಿ ಕ್ಲಾಸನ್ನು ತೆರೆದಳು. ಕಂಪನಿಯ ಸೆನ್ಸರ್ ಕ್ಲಾಸುಗಳೆಲ್ಲ ಅದರ ಮಕ್ಕಳು. ತಾಯಿಗೆ ಬರುವುದೆಲ್ಲ ಮಕ್ಕಳಿಗೆ ಹೇಳಿಕೊಡದೆಯೇ ಬರುತ್ತದೆ, ಒಳ್ಳೆಯದೂ ಕೆಟ್ಟದ್ದೂ. ಅದನ್ನು ಬರೆದವರು ಭಾವ, ಅವರಿನ್ನೂ ಕೋಡ್ ಬರೆಯುತ್ತಿದ್ದ ಕಾಲದಲ್ಲಿ. ಅವರಿಗೆ ಹೆಸರು ತಂದದ್ದೂ, ಗಾಜಿನ ಕೋಣೆಗೆ ಏರಿಸಿದ್ದೂ ಅದೇ. ನಡೆಯುತ್ತಿದೆಯಲ್ಲ, ನಮಗ್ಯಾಕೆ ಎಂದು ಅಂದಿನಿಂದ ಯಾರೂ ಅದರ ತಂಟೆಗೆ ಹೋಗಿರಲಿಲ್ಲ.

ಸೆನ್ಸರ್ ಉತ್ತರ ಕೊಡದಿದ್ದಾಗ ಏಳುವ ಕೂಗನ್ನು ಹಿಡಿಯಲು ತಾಯಿ ಕ್ಲಾಸಿನಲ್ಲಿ ಒಂದು ಜಾಗ ಇತ್ತು. ಆ ಜಾಗ ಖಾಲಿ. ಕೋಡ್ ಇಲ್ಲ, ಒಂದು ಟಿಪ್ಪಣಿ ಮಾತ್ರ: ಇದನ್ನು ಮಕ್ಕಳು ನೋಡಿಕೊಳ್ಳುತ್ತವೆ. ಅವಳು ಮಕ್ಕಳನ್ನು ಒಂದೊಂದಾಗಿ ತೆರೆದಳು. ಒಂದರಲ್ಲಿ ಯಾರೋ ಬರೆದಿದ್ದರು: ಇದನ್ನು ತಾಯಿ ನೋಡಿಕೊಳ್ಳುತ್ತದೆ. ಉಳಿದವುಗಳಲ್ಲಿ ಅಷ್ಟೂ ಇಲ್ಲ. ಒಲೆಯ ಮೇಲೆ ಹಾಲಿಟ್ಟು, ಅವಳು ನೋಡುತ್ತಾಳೆ ಎಂದು ಇವಳೂ ಇವಳು ನೋಡುತ್ತಾಳೆ ಎಂದು ಅವಳೂ ಹೊರಗೆ ಹೋದ ಮನೆಯ ಕತೆ. ಕೂಗನ್ನು ತಾಯಿ ನುಂಗುತ್ತಿತ್ತು, ಮಕ್ಕಳ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ, ಪರದೆ ಹಳೆಯ ಅಂಕಿಯನ್ನೇ ತೋರಿಸುತ್ತ ಕೂತಿರುತ್ತಿತ್ತು.

ಓದಿದ್ದನ್ನು ಮಾಡಿ ನೋಡದೆ ನಂಬುವ ಪೈಕಿ ಅಲ್ಲ ಅವಳು. ಆಫೀಸಿನ ಮೂಲೆಯಲ್ಲಿ ಆಸ್ಪತ್ರೆಯದೇ ಮಾದರಿಯ ಒಂದು ಫ್ರಿಜ್ ಇತ್ತು. ಹೆಸರಿಗೆ ಅದು ಪರೀಕ್ಷೆಗೆ. ನಿಜದಲ್ಲಿ ಎಲ್ಲರ ಊಟದ ಡಬ್ಬಿ, ಟೀಗೆ ಬೇಕಾದ ಹಾಲು ಇರುತ್ತಿದ್ದದ್ದು ಅದರಲ್ಲೇ. ಅಂದು ಸಂಜೆ ಹೊರಡುವಾಗ ಅವಳು ಸೆನ್ಸರ್‌ನ ತಂತಿ ಕಿತ್ತಳು, ಫ್ರಿಜ್ಜಿನ ಪ್ಲಗ್ಗನ್ನೂ ಎಳೆದಳು. ಪರದೆಗೆ ಅದರದೇ ಬ್ಯಾಟರಿ ಇತ್ತು. ಹಾಲಿನ ಪ್ಯಾಕೆಟ್ಟನ್ನು ಒಳಗೇ ಬಿಟ್ಟು ಮನೆಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಅದರ ಬಾಗಿಲು ತೆರೆದವನು ಉದ್ದಪ್ಪ. ತೆರೆದವನೇ ಮೂಗು ಹಿಡಿದುಕೊಂಡು ಹಿಂದೆ ಸರಿದ. ಹಾಲು ಒಡೆದು ಗಬ್ಬು ನಾರುತ್ತಿತ್ತು. ಬಾಗಿಲ ಮೇಲೆ ಮಾತ್ರ ನಾಲ್ಕು, ಹಚ್ಚ ಹಸಿರು.

ಅವಳು ಆ ಪ್ಯಾಕೆಟ್ಟನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು ಗಾಜಿನ ಕೋಣೆಗೆ ಹೋಗಿ ಭಾವನ ಮೇಜಿನ ಮೇಲೆ ಇಟ್ಟಳು. ಪರದೆ ಕೆಂಪಾಗದಿದ್ದರೂ ಅವರ ಮುಖ ಕೆಂಪಾಯಿತು. ನಿಮಗೆ ಮೊದಲೇ ಗೊತ್ತಿತ್ತಾ ಸರ್ ಎಂದು ಕೇಳಿದಳು. ಅದಕ್ಕೆ ಭಾವ, ತಂತಿ ಕಿತ್ತುಹೋಗುವುದು ಅಪರೂಪ ಎಂದರು. ತಾಯಿಯನ್ನು ಮುಟ್ಟಿದರೆ ಮಕ್ಕಳೆಲ್ಲ ಅಲ್ಲಾಡುತ್ತವೆ, ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಬೇಕು, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದರು. ಹಾಗಾದರೆ ಅಲ್ಲಿಯವರೆಗೆ ಆಸ್ಪತ್ರೆಗಳಿಗೆ ಒಂದು ಫೋನ್ ಮಾಡಿ ತಿಳಿಸೋಣ ಎಂದಳು ಅವಳು. ಭಾವ ಎದ್ದು ಬಾಗಿಲು ಹಾಕಿ ಬಂದರು.

"ನಿನ್ನನ್ನ ಇಲ್ಲಿಗೆ ತಂದವನು ನಾನು," ಎಂದರು. "ಸೋಮವಾರ ಅವರು ಬರೋ ಹೊತ್ತಿಗೆ ಆ ಉತ್ತರ ಬದಲಾಗಿರಬೇಕು. ಇಲ್ಲದಿದ್ರೆ ನಿನ್ನ ಸಾಮಾನು ಕಟ್ಟಿಕೋ."

"ಕಟ್ಟಿಕೋತೀನಿ ಸರ್," ಎಂದಳು ಅವಳು. "ಉತ್ತರ ಮಾತ್ರ ಇಲ್ಲೇ ಇರುತ್ತೆ."

ಕೆಲಸ ಒಂದೇ ಆಗಿದ್ದರೆ ಅವಳು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೋಡ್ ಬಲ್ಲವಳಿಗೆ ಇಲ್ಲಲ್ಲದಿದ್ದರೆ ಇನ್ನೊಂದು ಕಡೆ ಕುರ್ಚಿ ಸಿಗುತ್ತದೆ. ಆದರೆ ಅವಳು ಇದ್ದದ್ದು ಅಕ್ಕನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವಳನ್ನು ಕರೆತಂದು ಓದಿಸಿದವರು ಅಕ್ಕ, ಭಾವ. ಮದುವೆ ಬೇಡ ಎಂದು ಅವಳು ತಕರಾರು ತೆಗೆದಾಗ, ಅವಳಿಗೆ ಬೇಡ ಅಂದರೆ ಬೇಡ ಬಿಡಿ ಎಂದು ನೆಂಟರ ಬಾಯಿ ಮುಚ್ಚಿಸಿದವರೂ ಭಾವನೇ. ಇದೆಲ್ಲ ಅವಳಿಗೆ ಮರೆತಿರಲಿಲ್ಲ. ಮರೆತಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಶನಿವಾರ ಅಕ್ಕ ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿಗೆ ಬಂದಳು. ಬಕೆಟ್ಟಿನಲ್ಲಿದ್ದದ್ದು ಎರಡೇ ಟವೆಲ್. ಭಾವ ತಮಗೆ ಬೇಕಾದಷ್ಟು ಹೇಳಿಕೊಂಡಿದ್ದರು ಎಂಬುದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಮೊದಲು ನಯವಾಗಿಯೇ ಶುರು ಮಾಡಿದಳು. ಒಂದು ಸಾಲಂತಲ್ಲೇ, ಒಂದು ಸಾಲು ಸೇರಿಸಿದರೆ ನಿನ್ನ ಗಂಟೇನು ಹೋಗುತ್ತೆ? ಅವರ ಮರ್ಯಾದೆ ಉಳಿಯುತ್ತೆ, ನಿನ್ನ ಕೆಲಸ ಉಳಿಯುತ್ತೆ. ಆಮೇಲೆ ನಿಧಾನವಾಗಿ ನೀವು ನೀವೇ ಅದನ್ನು ಸರಿ ಮಾಡಿಕೊಳ್ಳಿ, ಯಾರು ಬೇಡ ಅಂದರು?

ತಂಗಿ ಬಗ್ಗಲಿಲ್ಲ. ಸರಿ ಮಾಡುವ ಮನಸ್ಸಿದ್ದವರು ಉತ್ತರವನ್ನು ತಿದ್ದು ಎನ್ನುವುದಿಲ್ಲ, ಕೋಡನ್ನು ತಿದ್ದು ಎನ್ನುತ್ತಾರೆ ಎಂದಳು. ಆಗ ಅಕ್ಕನ ದನಿ ಏರಿತು. ಜಡೆ ಹಾಕಿಸಿಕೊಳ್ಳಲು ಅಳುತ್ತಿದ್ದವಳನ್ನು ಈ ಕೈಯಲ್ಲಿ ಸಾಕಿದ್ದೇನೆ ಎಂದಳು, ನನ್ನ ಗಂಡನ ತಲೆ ಮೇಲೆ ಕಲ್ಲು ಹಾಕಲ್ಲ ಅಂತ ಒಂದು ಮಾತು ಕೊಡು ಎಂದಳು.

"ಉಂಡ ಮನೆಗೆ ಎರಡು ಬಗೀತೀಯಾ?" ಎಂದು ಕೊನೆಗೆ ಕೇಳಿಯೇ ಬಿಟ್ಟಳು.

ತಕರಾರಮ್ಮ ಅಕ್ಕನ ಕೈಯಿಂದ ಒದ್ದೆ ಟವೆಲ್ ತೆಗೆದುಕೊಂಡು ತಾನೇ ಹಿಂಡಿ ಹಗ್ಗದ ಮೇಲೆ ಹಾಕಿದಳು, ಕ್ಲಿಪ್ಪು ಸಿಕ್ಕಿಸಿದಳು. ಅವಳಿಗೆ ಸಿಟ್ಟು ಬಂದಿತ್ತು, ದುಃಖವೂ ಆಗಿತ್ತು. ಎರಡರಲ್ಲಿ ಯಾವುದನ್ನು ಮುಂದೆ ಮಾಡಬೇಕೆಂದು ತಿಳಿಯಲಿಲ್ಲ.

"ಹಾಲು ಕೆಟ್ಟರೆ ಮೂಗಿಗೆ ಗೊತ್ತಾಗುತ್ತೆ ಅಕ್ಕ," ಎಂದಳು. "ಚೀಲದಲ್ಲಿರೋ ರಕ್ತ ಕೆಟ್ಟರೆ ಯಾರ ಮೂಗಿಗೂ ಗೊತ್ತಾಗಲ್ಲ. ಅದನ್ನ ಹಾಕೋರು ಪರದೆ ಒಂದನ್ನೇ ನೋಡಿ ಹಾಕ್ತಾರೆ. ನೀನು ಬೇಡಿಕೊಂಡರೂ ನಾನು ಬದಲಾಯಿಸಲ್ಲ. ಮನೆ ಬಿಡು ಅಂದ್ರೆ ಬಿಡ್ತೀನಿ."

ಮನೆ ಬಿಡು ಎಂದು ಅಕ್ಕ ಅನ್ನಲಿಲ್ಲ. ಇನ್ನೊಂದು ಟವೆಲ್ಲನ್ನು ಒಣಹಾಕದೆ ಬಕೆಟ್ಟಿನಲ್ಲೇ ಬಿಟ್ಟು, ಧಡಧಡನೆ ಮೆಟ್ಟಿಲಿಳಿದು ಹೋದಳು. ಭಾನುವಾರ ಊಟದ ಮೇಜಿನಲ್ಲಿ ಉಪ್ಪಿನ ಡಬ್ಬಿ ಬೇಕಾದರೂ ಭಾವ ಕೇಳದೆ ತಾವೇ ಎದ್ದು ಬಂದು ತೆಗೆದುಕೊಂಡರು.

ಸೋಮವಾರ ಎಂದಿನಂತೆ ಭಾವನ ಕಾರಿನಲ್ಲಿ ಹೋಗದೆ ಅವಳು ಬಸ್ಸಿನಲ್ಲಿ ಹೋದಳು. ಆಫೀಸಿಗೆ ಬಂದವಳು ಮೊದಲು ಮಾಡಿದ ಕೆಲಸ ತನ್ನ ಟೀ ಲೋಟ, ಸ್ವೆಟರ್, ಬಾಚಣಿಗೆ ಇಷ್ಟನ್ನೂ ಚೀಲಕ್ಕೆ ತುಂಬಿ ಮೇಜಿನ ಕೆಳಗೆ ಇಟ್ಟದ್ದು. ಹೊರಡು ಎಂದರೆ ಹುಡುಕಾಡುತ್ತ ನಿಲ್ಲಬಾರದು, ಎದ್ದು ನಡೆಯಬೇಕು. ಉದ್ದಪ್ಪ ಬಂದು, ಬೇಕಾದರೆ ನನ್ನ ಪ್ರಶ್ನೆಯನ್ನೇ ಅಳಿಸಿಬಿಡುತ್ತೇನೆ, ಪ್ರಶ್ನೆ ಹೋದರೆ ಉತ್ತರವೂ ಹೋಗುತ್ತದಲ್ಲ, ನಿಮ್ಮ ಕೆಲಸ ಉಳಿಯುತ್ತದೆ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅಳಿಸಿದರೆ ಇನ್ನು ಜನ್ಮದಲ್ಲಿ ನಿನ್ನ ಒಂದು ಪ್ರಶ್ನೆಗೂ ಉತ್ತರ ಕೊಡುವುದಿಲ್ಲ ಎಂದಳು ಅವಳು. ಉದ್ದಪ್ಪ ತಲೆ ಬಗ್ಗಿಸಿಕೊಂಡೇ ಜಾಗಕ್ಕೆ ಹೋದ, ಅಲ್ಲಿ ಬಾಗಿಲು ಇಲ್ಲದಿದ್ದರೂ.

ಆಸ್ಪತ್ರೆಯಿಂದ ಮೂವರು ಬಂದರು. ಅವರಲ್ಲಿ ಮಾತಾಡಿದವಳು ರಕ್ತನಿಧಿಯ ಮೇಲ್ವಿಚಾರಕಿ, ತುರುಬಿಗೆ ಪೆನ್ನು ಸಿಕ್ಕಿಸಿಕೊಂಡಿದ್ದ, ಗಟ್ಟಿ ದನಿಯ ಹೆಂಗಸು. ಎಲ್ಲರೂ ದೊಡ್ಡ ಮೇಜಿನ ಸುತ್ತ ಕುಳಿತರು. ಭಾವ ಗೋಡೆಯ ಮೇಲೆ ಪುಟವನ್ನು ತೋರಿಸಿದರು. ಏಣಿಯ ಉತ್ತರಕ್ಕೆ ಆ ಹೆಂಗಸು ಬಾಯ್ತುಂಬ ನಕ್ಕಳು. ಭಾವನಿಗೆ ಧೈರ್ಯ ಬಂತು. ಉದ್ದಪ್ಪನ ಪ್ರಶ್ನೆ ಬರುತ್ತಲೇ ಪುಟವನ್ನು ಸರ್ರನೆ ಮೇಲೆ ಓಡಿಸಿದರು.

ಸ್ವಲ್ಪ ಹಿಂದಕ್ಕೆ ಹೋಗಿ ಎಂದಳು ಮೇಲ್ವಿಚಾರಕಿ. ಭಾವ ಬೇರೆ ಯಾವುದೋ ಒಂದನ್ನು ತೋರಿಸಿದರು. ಅದಲ್ಲ, ಫ್ರಿಜ್ಜಿನದು ಎಂದಳು. ಕೊನೆಗೆ ಅದು ಗೋಡೆಯ ಮೇಲೆ ನಿಂತಿತು, ಅಷ್ಟೂ ಸಾಲು, ಒಂದಕ್ಷರ ಬದಲಾಗದೆ. ಆ ಹೆಂಗಸು ಅದನ್ನು ಗಟ್ಟಿಯಾಗಿ ಓದಿದಳು. ನರ್ಸ್ ಬಂದು ಬೈದರೆ ಬೈಸಿಕೊಳ್ಳಿ ಎಂಬಲ್ಲಿಗೆ ಬಂದಾಗ ತಲೆ ಆಡಿಸಿದಳು. ನಾನೂ ಮೊದಲು ನರ್ಸ್ ಆಗಿದ್ದವಳೇ, ಬೈಯುವುದು ನಿಜ ಎಂದಳು. ಆಮೇಲೆ ಭಾವನ ಕಡೆ ತಿರುಗಿ, ನಿಮ್ಮ ಸಾಫ್ಟ್‌ವೇರ್ ಹೀಗೇ ಮಾಡುತ್ತದೆ ತಾನೇ ಎಂದು ಕೇಳಿದಳು.

ಹೌದು, ಖಂಡಿತ ಎಂದರು ಭಾವ. ಎಂದವರೇ ನಾದಿನಿಯ ಮುಖ ನೋಡಿದರು. ಆ ನೋಟದಲ್ಲಿ ಅಕ್ಕ ಇದ್ದಳು, ಮಹಡಿಯ ಕೋಣೆ ಇತ್ತು, ಅಷ್ಟು ವರ್ಷ ತಿಂದ ಅನ್ನ ಇತ್ತು. ಒಂದು ಸಲ ಸುಮ್ಮನಿರು ಎಂದು ಅದು ಅಂಗಲಾಚುತ್ತಿತ್ತು. ಅವಳು ನಿಜವಾಗಿ ಹೆದರಿದ್ದು ಆಗ. ಸುಮ್ಮನೆ ಕುಳಿತರೆ ತಾನೂ ಆ ಖಾಲಿ ಜಾಗವೇ, ಕೂಗನ್ನು ಹಿಡಿದು ನುಂಗಿದವಳೇ ಎಂದು ಅವಳಿಗೆ ಅನ್ನಿಸಿತು. ಕುರ್ಚಿ ಹಿಂದೆ ತಳ್ಳಿ ಎದ್ದಳು.

"ಇಲ್ಲ, ಮಾಡಲ್ಲ," ಎಂದಳು. "ಬನ್ನಿ, ತೋರಿಸ್ತೀನಿ."

ಮೂಲೆಯ ಫ್ರಿಜ್ಜನ್ನು ವಾರಾಂತ್ಯದಲ್ಲಿ ತೊಳೆಸಿ, ತಂತಿ ಮತ್ತೆ ಸಿಕ್ಕಿಸಿ, ಫಳಫಳ ಎನ್ನಿಸಿ ಇಡಲಾಗಿತ್ತು. ಅವಳು ಬಾಗಿಲು ತೆರೆದು ಸೆನ್ಸರ್ ಅನ್ನು ತಂತಿ ಸಮೇತ ಕಿತ್ತು ಆ ಹೆಂಗಸಿನ ಅಂಗೈಯಲ್ಲಿ ಇಟ್ಟಳು. ಸೆನ್ಸರ್ ನಿಮ್ಮ ಕೈಯಲ್ಲಿದೆ, ಒಳಗೆ ಎಷ್ಟಿದೆ ಎಂದು ಈ ಪರದೆಗೆ ಈಗ ಯಾರು ಹೇಳುತ್ತಿದ್ದಾರೆ, ನೀವೇ ನೋಡಿ ಎಂದಳು. ಎಲ್ಲರೂ ನೋಡಿದರು. ಬಾಗಿಲು ಹಾರುಹೊಡೆದಿತ್ತು. ಪರದೆಯ ಮೇಲೆ ನಾಲ್ಕು, ಹಸಿರು. ಕೆಂಪಾಗುತ್ತದೇನೋ ಎಂದು ಉದ್ದಪ್ಪ ಕತ್ತು ಚಾಚಿ ಕಾದ. ಅದು ಕದಲಲಿಲ್ಲ.

ಮೇಲ್ವಿಚಾರಕಿ ಯಾರನ್ನೂ ಬೈಯಲಿಲ್ಲ. ಫೋನ್ ತೆಗೆದು ತನ್ನ ಆಸ್ಪತ್ರೆಗೆ ಮಾಡಿ, ಪ್ರತಿ ಫ್ರಿಜ್ಜಿನ ಒಳಗೂ ಕೈಯಾರೆ ಥರ್ಮಾಮೀಟರ್ ಇಟ್ಟು ನೋಡಲು ಹೇಳಿದಳು. ಕಿವಿಯಿಂದ ಫೋನ್ ತೆಗೆಯದೆ ನಿಂತೇ ಇದ್ದಳು. ಆ ಕಡೆಯಿಂದ ಒಂದೊಂದೇ ಉತ್ತರ ಬರುತ್ತಿತ್ತು, ಅವಳು ಹೂಂ ಎನ್ನುತ್ತಿದ್ದಳು. ಎಲ್ಲ ಸರಿಯಿದೆ ಎಂದು ಭಾವ ಉಸಿರು ಬಿಡುವಷ್ಟರಲ್ಲಿ ಅವಳ ಹೂಂ ನಿಂತಿತು.

"ಹನ್ನೊಂದಂತೆ," ಎಂದಳು ಇವರ ಕಡೆ ತಿರುಗಿ. "ಪರದೆ ನಾಲ್ಕು ಅಂತಿದೆಯಂತೆ."

ಆ ಫ್ರಿಜ್ಜಿನಿಂದ ಒಂದು ಚೀಲವೂ ಹೊರಗೆ ಹೋಗಕೂಡದು ಎಂದು ಫೋನಿನಲ್ಲಿ ಹೇಳಿ, ಬಂದ ಮೂವರೂ ಅವಸರದಲ್ಲಿ ಹೊರಟರು. ಹೋಗುವ ಮುನ್ನ ಆ ಹೆಂಗಸು ಸೆನ್ಸರ್ ಅನ್ನು ತಕರಾರಮ್ಮನ ಕೈಗೆ ವಾಪಸ್ ಕೊಟ್ಟಳು. ಥ್ಯಾಂಕ್ಸ್ ಎನ್ನಲಿಲ್ಲ. ಅಂಥ ಹೊತ್ತಿನಲ್ಲಿ ಅದನ್ನು ಅನ್ನಲು ಯಾರಿಗೆ ಬಾಯಿ ಬರುತ್ತದೆ. ಭಾವ ಗಾಜಿನ ಕೋಣೆಯೊಳಗೆ ಹೋಗಿ ಪರದೆ ಎಳೆದುಕೊಂಡರು. ಹೊರಡು ಎಂದು ಯಾರೂ ಹೇಳದ ಕಾರಣ ಅವಳು ಸಂಜೆಯವರೆಗೆ ಕುಳಿತಿದ್ದು, ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು.

ಮನೆಯಲ್ಲಿ ಅವಳು ಊಟಕ್ಕೆ ಕೆಳಗೆ ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕನೇ ತಟ್ಟೆ ಹಿಡಿದು ಮೇಲೆ ಬಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಅವಳ ಕಣ್ಣು ಊದಿಕೊಂಡಿತ್ತು.

"ಅದು ಅವರು ಬರೆದದ್ದೇನಾ?" ಎಂದು ಕೇಳಿದಳು.

"ಹೂಂ."

"ಅವರಿಗೆ ಗೊತ್ತಿತ್ತಾ?"

ತಂಗಿ ಉತ್ತರ ಕೊಡಲಿಲ್ಲ. ಉತ್ತರ ಕೊಡುವುದೇ ಕಸುಬಾದವಳು ಜೀವನದಲ್ಲಿ ಮೊದಲ ಸಲ ಒಂದು ಪ್ರಶ್ನೆಯನ್ನು ಹಾಗೇ ಬಿಟ್ಟಳು. ಅಕ್ಕನಿಗೆ ಅಷ್ಟೇ ಸಾಕಾಯಿತು. ಅನ್ನ ಆರಿಹೋಗುತ್ತೆ, ತಿನ್ನು ಎಂದಳು. ಬಾಗಿಲ ಹತ್ತಿರ ಹೋದವಳು ತಿರುಗಿ, ನಿನ್ನ ಮೇಲಿನ ಸಿಟ್ಟೇನೂ ಇಳಿದಿಲ್ಲ, ಹಾಗಂದುಕೋಬೇಡ ಎಂದು ಹೇಳಿ ಹೋದಳು.

ಮಂಗಳವಾರ ಅವಳು ಬರುವ ಮುಂಚೆಯೇ ಭಾವ ಆಫೀಸಿಗೆ ಬಂದಿದ್ದರು. ಗಾಜಿನ ಕೋಣೆಯ ಪರದೆ ಸರಿದಿತ್ತು. ಅವಳು ಚೀಲವನ್ನು ಮೇಜಿನ ಕೆಳಗಿಟ್ಟು ಪುಟವನ್ನು ತೆರೆದಳು. ಎಲ್ಲಕ್ಕಿಂತ ಮೇಲೆ ಒಂದು ಹೊಸ ಪ್ರಶ್ನೆ. ಕೇಳಿದವರ ಹೆಸರನ್ನು ಅವಳು ಎರಡು ಸಲ ಓದಿದಳು.

ಸೆನ್ಸರ್‌ಗಳ ತಾಯಿ ಕ್ಲಾಸನ್ನು ಬರೆದವನು ನಾನು, ಎಂದು ಅದು ಶುರುವಾಗುತ್ತಿತ್ತು. ಅದರಲ್ಲಿ ಎಕ್ಸೆಪ್ಷನ್ ಹಿಡಿದು ಏನೂ ಮಾಡದೆ ಬಿಟ್ಟಿದ್ದೇನೆ. ತಪ್ಪು ಎಂದು ತಿಳಿದ ಮೇಲೂ ಮುಚ್ಚಿಟ್ಟೆ. ಈಗ ಸರಿ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಹಾಲ್‌ನಲ್ಲಿ ಒಬ್ಬರೂ ಟೈಪ್ ಮಾಡುತ್ತಿರಲಿಲ್ಲ. ಎಲ್ಲರೂ ಅದನ್ನೇ ಓದುತ್ತಿದ್ದರು. ಉದ್ದಪ್ಪ ಎದ್ದು ನಿಂತು ಅವಳ ಕಡೆ ನೋಡುತ್ತಿದ್ದ. ಬೇರೆಯವರಾಗಿದ್ದರೆ ಅವಳು ಒಂದು ಚುಚ್ಚುಮಾತು ಸೇರಿಸುತ್ತಿದ್ದಳೇನೋ. ಇದಕ್ಕೆ ಸೇರಿಸಲಿಲ್ಲ, ಬೆಣ್ಣೆಯನ್ನೂ ಹಚ್ಚಲಿಲ್ಲ. "ಫೋನಿನಿಂದ," ಎಂದು ಬರೆದಳು. "ನಮ್ಮ ಪರದೆ ಇರುವ ಪ್ರತಿ ಆಸ್ಪತ್ರೆಗೂ ನೀವೇ ಫೋನ್ ಮಾಡಿ. ಅದನ್ನು ನಂಬಬೇಡಿ ಎಂದು ಹೇಳಿ. ಕೋಡ್ ಆಮೇಲೆ."

ಸ್ವಲ್ಪ ಹೊತ್ತಿಗೆ ಗಾಜಿನ ಬಾಗಿಲು ತೆರೆಯಿತು. ಭಾವ ಅವಳ ಮೇಜಿನ ಹತ್ತಿರ ಬಂದು ನಿಂತರು. ಗಡ್ಡ ಹೆರೆದಿರಲಿಲ್ಲ. ಅಷ್ಟು ಜನರ ಕಣ್ಣು ತಮ್ಮ ಮೇಲಿದೆ ಎಂಬುದು ಅವರಿಗೆ ಗೊತ್ತಿತ್ತು. ಆದರೂ ದನಿ ತಗ್ಗಿಸಲಿಲ್ಲ.

"ಎಷ್ಟು ದಿನದಿಂದ ಹೀಗಿದೆ, ಯಾವ ಯಾವ ಚೀಲ ಕೆಟ್ಟಿದೆ, ಯಾರಿಗೆ ಹಾಕಿ ಆಗಿದೆ ಅಂತ ಕೇಳ್ತಾರೆ," ಎಂದರು. "ಏನು ಹೇಳಲಿ?"

"ಗೊತ್ತಿಲ್ಲ ಅಂತ ಹೇಳಿ, ಭಾವ."

ಆಫೀಸಿನೊಳಗೆ ಅವಳು ಅವರನ್ನು ಹಾಗೆ ಕರೆದದ್ದು ಅದೇ ಮೊದಲು. ಭಾವ ತಲೆಯಾಡಿಸಿದರು. ಒಳಗೆ ಹೋಗಿ, ಬಾಗಿಲು ಹಾಕದೆ, ಫೋನ್ ಎತ್ತಿಕೊಂಡರು. ಮೊದಲನೆಯ ಆಸ್ಪತ್ರೆಯವರೊಂದಿಗೆ ಮಾತು ನಡೆಯಿತು, ಒಂದು ಕಡೆ ತಡವರಿಸಿತು, ಆಮೇಲೆ ಗೊತ್ತಿಲ್ಲ ಎಂಬ ಆ ಮಾತು ಹಾಲ್‌ನ ಕೊನೆಯವರೆಗೂ ಕೇಳಿಸಿತು. ಅದನ್ನು ಹೇಳಿ ಅವರು ಎರಡನೆಯ ಆಸ್ಪತ್ರೆಯ ನಂಬರ್ ಒತ್ತಿದರು. ತಕರಾರಮ್ಮ ಬಗ್ಗಿ ಚೀಲದಿಂದ ಟೀ ಲೋಟವನ್ನು ತೆಗೆದು ಮೇಜಿನ ಮೇಲೆ ಇಟ್ಟಳು, ತಾಯಿ ಕ್ಲಾಸನ್ನು ತೆರೆದಳು, ಆ ಖಾಲಿ ಜಾಗದಲ್ಲಿ ಬರೆಯಲು ಶುರು ಮಾಡಿದಳು.